ಹನ್ನೊಂದನೇ ಕಾಲಂ

ವಿಚಾರಣೆಯಲ್ಲಿ ಒಂದೇ ಪ್ರಶ್ನೆ ಕೇಳ್ತಾರೆ, ಹೌದು ಅಂದು ಎದ್ದು ಬನ್ನಿ, ಅಷ್ಟೇ ಎಂದು ಉಪಕುಲಸಚಿವರು ಹಿಂದಿನ ದಿನ ಫೈಲಿನಿಂದ ತಲೆಯೆತ್ತದೆ ಹೇಳಿದ್ದರು. ಬೆಳಿಗ್ಗೆ ಗಡ್ಡ ಹೆರೆಯುತ್ತ ಅವನು ಕನ್ನಡಿಯಲ್ಲಿ ಆ ಹೌದನ್ನು ಹೇಳಿ ನೋಡಿದ. ನೊರೆ ಮೆತ್ತಿದ ಬಾಯಿ ತೆರೆದು ಮುಚ್ಚಿತು. ತೀರಾ ಗಟ್ಟಿಯಾಯಿತು. ಇನ್ನೊಮ್ಮೆ ಸ್ವಲ್ಪ ಬೇಸರದಿಂದ, ದಿನಕ್ಕೆ ನೂರು ಸಲ ಅದನ್ನೇ ಹೇಳುವವನ ಹಾಗೆ ಹೇಳಿದ. ಇದು ಸರಿಹೋಯಿತು ಅನ್ನಿಸಿತು. ಸುಳ್ಳೇನೂ ಅಲ್ಲವಲ್ಲ. ಅರ್ಜಿಯಲ್ಲಿರುವುದು ಆ ಹುಡುಗಿಯದೇ ಕೈಬರಹವೇ ಎಂದು ಕೇಳುತ್ತಾರೆ. ಅವಳದೇ. ಅವನ ಕಣ್ಣೆದುರೇ ಕೌಂಟರಿನ ಅಂಚಿಗೆ ಮೊಣಕೈಯೂರಿ ನೀಲಿ ಶಾಯಿಯಲ್ಲಿ ಬರೆದಿದ್ದಳು. ಶಾಯಿಯ ಕೆಳಗೆ ಏನಿತ್ತು ಎಂದು ಯಾರೂ ಕೇಳುವುದಿಲ್ಲ. ಶಾಯಿಯ ಕೆಳಗಿನದನ್ನು ಕೇಳುವುದಕ್ಕೆ ಯಾವ ನಿಯಮಾವಳಿಯಲ್ಲೂ ಜಾಗವಿಲ್ಲ.

‘ರೀ, ಒಳಗೆ ಯಾರ ಜೊತೆ ಮಾತು?’ ಹೆಂಡತಿ ಹೊರಗಿನಿಂದ ಬಾಗಿಲು ತಟ್ಟಿದಳು. ‘ಹೌದು ಹೌದು ಅಂತ ಯಾರಿಗೆ ಒಪ್ಪಿಕೊಳ್ತಿದೀರಿ? ನನಗಂತೂ ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನ ಅಂದಿದ್ದಿಲ್ಲ.’

ಅಡುಗೆಮನೆಯಲ್ಲಿ ಮಗಳು ನಿಂತೇ ತಿನ್ನುತ್ತಿದ್ದಳು. ಎರಡನೆಯ ವರ್ಷದ ವಿಜ್ಞಾನ, ಹದಿನೆಂಟು ತುಂಬಿ ನಾಲ್ಕು ತಿಂಗಳು. ಅವನು ಈಗೀಗ ಅವಳ ವಯಸ್ಸನ್ನು ತಿಂಗಳ ಸಮೇತ ಲೆಕ್ಕ ಹಾಕುತ್ತಾನೆ. ಹೆಂಡತಿ ಸಂಜೆ ತರಬೇಕಾದ ಸಾಮಾನನ್ನು ಒಂದು ಚೀಟಿಯಲ್ಲಿ ಬರೆದು ಮಗಳ ಕೈಗೆ ಕೊಟ್ಟು, ಅಪ್ಪನ ಜೇಬಿಗೆ ಹಾಕು, ಮರೆತರೆ ನಾಳೆ ಬರೀ ಪಾತ್ರೆ ತಿಕ್ಕೋಣ ಅಂದಳು. ಮನೆಯಲ್ಲಿ ಚೀಟಿಗಳಿಗೆ ಬರವಿಲ್ಲ. ಕಚೇರಿಯಲ್ಲಿ ಕೆಟ್ಟುಹೋದ ಅರ್ಜಿಗಳನ್ನು ನಾಲ್ಕಾಗಿ ಕತ್ತರಿಸಿ, ಹಿಂಬದಿಯ ಖಾಲಿ ಜಾಗವನ್ನು ಟಿಪ್ಪಣಿಗೆ ಬಳಸುವ ಪದ್ಧತಿ ಅವನು ಸೇರುವ ಮುಂಚಿನಿಂದಲೂ ಇದೆ. ಕತ್ತರಿಸುವುದು ಅವನದೇ ಕೆಲಸ, ಅಡಿಕೋಲಿಟ್ಟು ಮಡಚಿ ಬ್ಲೇಡಿನಿಂದ ಎಳೆದರೆ ಯಂತ್ರದ ಹಾಗೆ ಬರುತ್ತದೆ. ಮಿಕ್ಕ ಕಟ್ಟುಗಳು ಮನೆಗೂ ಬರುತ್ತವೆ. ಮಗಳು ಚೀಟಿಯನ್ನು ತಿರುಗಿಸಿ ನೋಡಿದಳು. ಅವಳಿಗೆ ಏನನ್ನೇ ಆಗಲಿ ತಿರುಗಿಸಿ ನೋಡುವ ಚಟ.

‘ಅಪ್ಪಾ, ಇದೇನಿದು? “ಬಾಗಿಲು ಹಾಕಿಕೊಂಡು ನನ್ನ” ಅಂತಿದೆ. ಅಲ್ಲಿಗೆ ಕಟ್ ಆಗಿದೆ.’

ಅವನು ಲೋಟ ಕೆಳಗಿಟ್ಟ.

‘ನನ್ನ, ಆಮೇಲೇನು?’ ಎಂದಳು. ‘ಸೀರಿಯಲ್ ಥರ ನಿಲ್ಲಿಸಿಬಿಟ್ಟಿದೀರಲ್ಲ.’

‘ಯಾರದ್ದೋ ಅರ್ಜಿ. ಹಳೇದು. ಕೊಡಿ ಇಲ್ಲಿ.’ ಮಗಳಿಗೆ ಕೊಡಿ ಎಂದು ಬಹುವಚನದಲ್ಲಿ ಅಂದದ್ದು ಅವನಿಗೆ ಆಮೇಲೆ ಗೊತ್ತಾಯಿತು. ಅವಳು ನಕ್ಕಳು. ಚೀಟಿಯನ್ನು ಮೇಲಿನ ಜೇಬಿಗೆ ತುರುಕಿ ಗುಂಡಿ ಹಾಕಿಕೊಂಡ. ಸೋಪು, ಬೇಳೆ, ಬೆಂಕಿಪೊಟ್ಟಣ, ಅದರ ಬೆನ್ನಿಗೆ ಬಾಗಿಲು ಹಾಕಿಕೊಂಡು ನನ್ನ. ಐದು ವಾರದ ಹಿಂದೆ ಆ ಕಾಗದವನ್ನು ಕತ್ತರಿಸಿದಾಗ ಬ್ಲೇಡು ಸರಿಯಾಗಿ ಆ ಪದದ ಪಕ್ಕಕ್ಕೇ ಬಂದಿತ್ತು. ಆಮೇಲೇನು ಎಂಬುದು ಮತ್ತೊಂದು ತುಂಡಿನಲ್ಲಿತ್ತು. ಆ ತುಂಡು ಎಲ್ಲಿಗೆ ಹೋಯಿತೆಂದೂ ಅವನಿಗೆ ಗೊತ್ತು.

ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟೇ ಸಿಕ್ಕಿತು. ಸಿಗಬಾರದಿತ್ತು ಅನ್ನಿಸಿತು, ಜೋತುಬಿದ್ದು ನಿಂತಿದ್ದರೆ ಮೈ ನೋಯುವುದನ್ನಾದರೂ ನೆನೆಯಬಹುದಿತ್ತು. ವಿದ್ಯಾರ್ಥಿಗಳು ಅವನನ್ನು ಪೆನ್ಸಿಲ್ ಸರ್ ಅನ್ನುತ್ತಾರೆ. ವಿಶ್ವವಿದ್ಯಾಲಯದ ವರ್ಗಾವಣೆ ವಿಭಾಗದ ಕೌಂಟರಿನಲ್ಲಿ ಹತ್ತೊಂಬತ್ತು ವರ್ಷ ಕೂತವನಿಗೆ ಸಿಕ್ಕ ಬಿರುದು ಅದೊಂದೇ, ಅದನ್ನು ಅವನು ಪ್ರೀತಿಯಿಂದಲೇ ಇಟ್ಟುಕೊಂಡಿದ್ದ. ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಹೋಗಬೇಕಾದ ಮಕ್ಕಳು ಆರು ಪುಟದ ಅರ್ಜಿ ತುಂಬಬೇಕು. ಒಂದು ಕಡೆ ಹೊಡೆದುಹಾಕಿದರೆ, ಒಂದು ತಾರೀಕು ತಪ್ಪಿದರೆ, ಅರ್ಜಿ ವಾಪಸು. ಆದ್ದರಿಂದ ಅವನು ತಾನೇ ಪ್ರತಿ ಕಾಲಮಿನಲ್ಲೂ ತೆಳುವಾಗಿ ಪೆನ್ಸಿಲಿನಲ್ಲಿ ಬರೆದುಕೊಡುತ್ತಿದ್ದ. ಮಕ್ಕಳು ಅದರ ಮೇಲೆ ಪೆನ್ನಿನಿಂದ ತಿದ್ದುತ್ತಿದ್ದರು. ಶಾಯಿ ಒಣಗಿದ ಮೇಲೆ ಅವನು ರಬ್ಬರಿನಿಂದ ಉಜ್ಜಿ, ಪುಡಿಯನ್ನು ಕಿರುಬೆರಳಿನಿಂದ ಸವರಿ, ಉಫ್ ಎಂದು ಊದಿ ಫೈಲಿಗೆ ಸೇರಿಸುತ್ತಿದ್ದ. ಅವನು ಶಾಯಿಯಲ್ಲಿ ಬರೆಯುತ್ತಿದ್ದದ್ದು ಸ್ವೀಕೃತಿ ಚೀಟಿಯೊಂದನ್ನೇ: ಸಂಖ್ಯೆ, ದಿನಾಂಕ, ಕಾರಣ, ಸಹಿ. ಅದನ್ನು ಮಾತ್ರ ಸಿಬ್ಬಂದಿ ಸ್ವಹಸ್ತದಲ್ಲೇ ಬರೆಯಬೇಕೆಂದು ಸುತ್ತೋಲೆ ಇತ್ತು. ಕಾರಣದ ಎದುರು ಬರೆಯುವುದಕ್ಕೆ ಇದ್ದದ್ದೂ ನಾಲ್ಕೇ ಮಾತು. ಅನಾರೋಗ್ಯ, ಪೋಷಕರ ಉದ್ಯೋಗ ವರ್ಗಾವಣೆ, ವಿವಾಹ, ಕಾಲೇಜು ಮುಚ್ಚಿರುವುದು. ಇಡೀ ಲೋಕದಲ್ಲಿ ಒಬ್ಬ ವಿದ್ಯಾರ್ಥಿ ಒಂದು ಕಟ್ಟಡವನ್ನು ಬಿಟ್ಟು ಇನ್ನೊಂದಕ್ಕೆ ಹೋಗುವುದಕ್ಕೆ ಸರ್ಕಾರ ಕಂಡುಕೊಂಡ ಕಾರಣಗಳು ಇವು ನಾಲ್ಕು. ಕಾಲೇಜು ಬಿದ್ದುಹೋದರೆ ಹೋಗಬಹುದು. ಕಾಲೇಜಿನೊಳಗೆ ತಾನೇ ಬಿದ್ದುಹೋಗುತ್ತಿದ್ದರೆ ಹೋಗುವಂತಿಲ್ಲ.

ಆ ಹುಡುಗಿ ತಾಯಿಯ ಜೊತೆ ಬಂದಿದ್ದಳು. ತಾಯಿ ಯಾವುದೋ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಹಾಸಿಗೆವಸ್ತ್ರ ಇಸ್ತ್ರಿ ಮಾಡುವ ಹೆಂಗಸು, ಎರಡೂ ಮುಂಗೈ ಮೇಲೆ ಸುಟ್ಟ ಗೆರೆಗಳು. ಹುಡುಗಿ ಅರ್ಜಿಯನ್ನು ಮನೆಯಲ್ಲೇ ತುಂಬಿ ತಂದಿದ್ದಳು, ಶಾಯಿಯಲ್ಲೇ. ಅವನಿಗೆ ಅದರಿಂದಲೇ ಸ್ವಲ್ಪ ಸಿಟ್ಟು ಬಂದಿತ್ತು ಎಂಬುದು ಈಗ ಬಸ್ಸು ಗಕ್ಕನೆ ನಿಂತಾಗ ನೆನಪಾಗಿ ಕಿವಿ ಬಿಸಿಯಾಯಿತು. ತನ್ನನ್ನು ಕೇಳದೆ ಬರೆದಿದ್ದಾಳಲ್ಲ ಎಂಬ ಸಿಟ್ಟು. ಹನ್ನೊಂದನೇ ಕಾಲಂ, ವರ್ಗಾವಣೆಗೆ ಕಾರಣ, ಎರಡೇ ಗೆರೆಯ ಜಾಗದಲ್ಲಿ ಅವಳು ನಾಲ್ಕು ಸಾಲು ಒತ್ತೊತ್ತಿ ಬರೆದಿದ್ದಳು. ಸಂಜೆ ಪ್ರಯೋಗ ಮುಗಿದ ಮೇಲೆ ಪ್ರಯೋಗಾಲಯದ ಮೇಷ್ಟ್ರು ಬಾಗಿಲು ಹಾಕಿಕೊಂಡು ನನ್ನ ಮೈಮೇಲೆ ಕೈ ಹಾಕಿದರು. ಎರಡು ಸಲ. ಹೇಳಿದರೆ ಪ್ರಾಕ್ಟಿಕಲ್ ಅಂಕ ಇಲ್ಲ ಅಂದರು. ಅವನು ಓದಿದ. ಓದಿದ ತಕ್ಷಣ ಮಾಡಿದ್ದೇನೆಂದರೆ ಕಾಗದವನ್ನು ಬೋರಲು ಹಾಕಿದ್ದು. ಹಿಂದೆ ಸಾಲಿನಲ್ಲಿ ನಿಂತವರು ನೋಡಬಾರದು ಎಂದು, ಅವಳ ಮರ್ಯಾದೆಗಾಗಿ ಎಂದು ಅಂದುಕೊಂಡಿದ್ದ. ಪಕ್ಕದ ಮೇಜಿನ ಟೈಪಿಸ್ಟಮ್ಮ ಮಾತ್ರ ನಂತರ, ‘ಕಾಗದ ಬೋರಲು ಹಾಕಿದ್ರಿ, ಅವಳ ಮುಖ ಹಾಗೇ ಇತ್ತಲ್ಲ’ ಅಂದಳು.

‘ಇದು ಇಲ್ಲಿ ನಡೆಯಲ್ಲಮ್ಮ’ ಎಂದಿದ್ದ.

‘ಯಾವುದು ಸರ್? ನಡೆದಿದ್ದು ಇದೇ.’

‘ನಡೆದಿಲ್ಲ ಅಂತ ನಾನು ಹೇಳ್ತಿಲ್ಲ. ಫಾರಮ್ಮಿನಲ್ಲಿ ನಡೆಯಲ್ಲ. ನಾಲ್ಕು ಕಾರಣ ಇದೆ, ನಾಲ್ಕರಲ್ಲೊಂದು ಆಗಬೇಕು. ನಿನ್ನ ತಂದೆಗೆ ಟ್ರಾನ್ಸ್‌ಫರ್ ಏನಾದ್ರೂ...’

‘ತಂದೆ ಇಲ್ಲ.’

‘ಮದುವೆ ಆದರೆ ನಾಳೇನೇ ಸಿಗುತ್ತೆ, ಗಂಡು ಹುಡುಕಿಕೊಡೋಣ್ವಾ ಸರ್?’ ಎಂದು ಟೈಪಿಸ್ಟಮ್ಮ ಯಂತ್ರದ ಹಿಂದಿನಿಂದ ಕಹಿಯಾಗಿ ಅಂದಿದ್ದಳು. ಅವಳದು ಯಾವಾಗಲೂ ಅದೇ ದನಿ, ಯಾರನ್ನು ಚುಚ್ಚುತ್ತಾಳೆ ಎಂದು ತಿಳಿಯುವುದು ಚುಚ್ಚಿಸಿಕೊಂಡವರಿಗೆ ಮಾತ್ರ. ಆಗ ಅವನಿಗೆ ಆ ಉಪಾಯ ಹೊಳೆದದ್ದು. ಹೊಳೆದಾಗ ಅವನಿಗೆ ಎಂಥ ಖುಷಿಯಾಗಿತ್ತು! ಅದನ್ನು ನೆನೆಯುವಾಗಲೇ ಈಗ ಎಲ್ಲಕ್ಕಿಂತ ಹೆಚ್ಚು ನಾಚಿಕೆಯಾಗುವುದು. ಅನಾರೋಗ್ಯ ಅಂತ ಬರೆ. ದೇಹದ ಕಾಯಿಲೆಯಾದರೆ ಆಸ್ಪತ್ರೆಗೆ ಸೇರಿ ಬಿಡುಗಡೆಯಾದ ಕಾಗದ ಕೇಳುತ್ತಾರೆ, ಆದರೆ ಮಾನಸಿಕ ಅಸ್ವಸ್ಥತೆ ಎಂದು ಹಾಕಿದರೆ ಒಬ್ಬ ವೈದ್ಯರ ಒಂದು ಪತ್ರ ಸಾಕು. ಇದು ಯಾವ ಪುಸ್ತಕದಲ್ಲೂ ಇರಲಿಲ್ಲ, ಹತ್ತೊಂಬತ್ತು ವರ್ಷ ಕೂತು ಕಂಡುಕೊಂಡದ್ದು. ಹೊಸ ಅರ್ಜಿ ತೆಗೆದು ಎಲ್ಲವನ್ನೂ ಪೆನ್ಸಿಲಿನಲ್ಲಿ ಬರೆದ. ಹನ್ನೊಂದಕ್ಕೆ ಬಂದಾಗ ಹುಡುಗಿ, ‘ನಾನು ಹುಚ್ಚಿ ಅಂತ ಆಗಲ್ವಾ ಸರ್?’ ಎಂದು ಕೇಳಿದಳು. ‘ಏ, ಕಾಗದದಲ್ಲಿ ತಾನೆ? ಯಾರು ಓದ್ತಾರೆ ಇದನ್ನೆಲ್ಲ?’ ಎಂದ. ವೈದ್ಯರ ವಿಳಾಸವನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟ. ಮೊದಲ ಅರ್ಜಿಯ ಪುಟವನ್ನು ಆಗತಾನೆ ಕತ್ತರಿಸಿದ್ದ. ವಿಳಾಸದ ಹಿಂದೆ ಅವಳದೇ ಸಾಲಿನ ಉಳಿದ ಅರ್ಧವಿತ್ತು: ಮೈಮೇಲೆ ಕೈ ಹಾಕಿದರು. ಅದನ್ನು ಅವಳ ಕೈಗೇ ಕೊಟ್ಟಿದ್ದ. ತಾಯಿ ಕೌಂಟರಿನ ಕಿಂಡಿಯೊಳಗೆ ಕೈಚಾಚಿ ಅವನ ತೋಳು ಮುಟ್ಟಿ, ‘ನಿಮ್ಮಂಥೋರು ಒಬ್ಬರಿದ್ರೆ ಸಾಕು ಸ್ವಾಮಿ’ ಅಂದಿದ್ದಳು. ಆ ಸುಟ್ಟ ಗೆರೆಗಳು ಅವನ ತೋಳಿಗೆ ತಾಗಿದ್ದವು. ಅವನು ಪರವಾಗಿಲ್ಲ ಬಿಡಿ ಅಂದಿದ್ದ. ದೊಡ್ಡ ಮನಸ್ಸಿನಿಂದ.

ಬರಿ ಸುಮ್ನೆ, ಮೈಗೆ ಹುಷಾರಿಲ್ಲ ಅಂತ ಬರಿ ಎಂದು ಅಕ್ಕ ಹೇಳಿಕೊಟ್ಟಿದ್ದಳು. ಆಗ ಅವನಿಗೆ ಒಂಬತ್ತು ವರ್ಷ, ಅವಳಿಗೆ ಹದಿನಾಲ್ಕು. ಅವಳ ಅಕ್ಷರವನ್ನು ಸ್ಲೇಟಿನ ಮೇಲೆ ತಿದ್ದಿ ತಿದ್ದಿಯೇ ಅವನು ಬರೆಯುವುದನ್ನು ಕಲಿತದ್ದು, ಒತ್ತಕ್ಷರದ ಬಾಲವನ್ನು ಬಸವನಹುಳುವಿನ ಹಾಗೆ ಒಳಕ್ಕೆ ಸುತ್ತುವುದು ಅವಳಿಂದಲೇ ಬಂದದ್ದು. ರಜೆ ಚೀಟಿಯನ್ನು ಇವನ ಕೈಯಲ್ಲಿ ಬರೆಸಿದಳು, ಅಪ್ಪನ ಸಹಿಯನ್ನು ತಾನೇ ಹಾಕಿದಳು. ನಿಂಗೆ ಏನಾಗಿದೆ ಎಂದು ಇವನು ಕೇಳಿದ. ಅವಳು ಗೋಡೆಯ ಕಡೆ ತಿರುಗಿ ಮಲಗಿ, ಏನೂ ಆಗಿಲ್ಲ, ಹುಷಾರಿಲ್ಲ ಅಂದರೆ ಯಾರೂ ಮುಂದೆ ಕೇಳಲ್ಲ, ಅದಕ್ಕೇ ಎಂದಳು. ಒಂದು ವಾರ ಚೀಟಿ ಕೊಂಡೊಯ್ದ. ಆಮೇಲೆ ಚೀಟಿಯೇ ಬೇಕಾಗಲಿಲ್ಲ, ಅವಳು ಶಾಲೆ ಬಿಟ್ಟಳು. ಮನೆಯಲ್ಲಿ ಯಾರೂ ಮುಂದೆ ಕೇಳಲಿಲ್ಲ. ಅವನೂ ಕೇಳಲಿಲ್ಲ, ಇವತ್ತಿಗೂ ಕೇಳಿಲ್ಲ. ಫೋನು ಮಾಡಿದಾಗ ಮಂಡಿನೋವು ಹೇಗಿದೆ ಎನ್ನುತ್ತಾನೆ. ಇಳಿಯಬೇಕಾದ ನಿಲ್ದಾಣ ದಾಟಿಹೋಗಿತ್ತು. ಮುಂದಿನದರಲ್ಲಿ ಇಳಿದು ಹಿಂದಕ್ಕೆ ನಡೆದ.

ವಿಚಾರಣೆಯ ಕೋಣೆಯ ಹೊರಗೆ ಒಂದೇ ಬೆಂಚು. ಅದರ ಮೇಲೆ ಪ್ರಯೋಗಾಲಯದ ಮೇಷ್ಟ್ರು ಕೂತಿದ್ದರು. ಅವನು ಅವರನ್ನು ಒಂದು ಬಗೆಯಲ್ಲಿ ಊಹಿಸಿಕೊಂಡಿದ್ದ. ಅವರು ಹಾಗಿರಲಿಲ್ಲ. ತೆಳ್ಳಗೆ, ನೀಟಾಗಿ ಬಾಚಿದ ಕೂದಲು, ಉಗುರಿನ ಸಂದಿಯಲ್ಲಿ ಯಾವುದೋ ರಾಸಾಯನಿಕದ ಹಳದಿ. ಎದ್ದು ಜಾಗ ಬಿಟ್ಟರು.

‘ಬನ್ನಿ ಸರ್, ಕೂತ್ಕೊಳ್ಳಿ. ಪೆನ್ಸಿಲ್ ಸರ್ ಅಂದ್ರೆ ನೀವೇ ಅಲ್ವಾ? ನಮ್ಮ ಮಕ್ಕಳೆಲ್ಲ ಹೊಗಳ್ತಾರೆ. ಪಾಪ, ನಿಮಗೂ ತೊಂದರೆ ಆಯ್ತು.’

ಅವನು ಕೂತ. ನಿಲ್ಲಬಹುದಿತ್ತು, ಆದರೆ ಅಷ್ಟು ವಿನಯದಿಂದ ಕೊಟ್ಟ ಜಾಗವನ್ನು ಬೇಡವೆನ್ನುವುದು ಹೇಗೆ ಎಂದು ಹೊಳೆಯಲಿಲ್ಲ. ಬೆಂಚು ಬೆಚ್ಚಗಿತ್ತು. ‘ಕಾಯಿಲೆ ಸರ್ ಅದು, ನಾವು ಬೇಜಾರು ಮಾಡ್ಕೋಬಾರದು’ ಎಂದು ಮೇಷ್ಟ್ರು ದನಿ ತಗ್ಗಿಸಿದರು. ‘ವೈದ್ಯರೇ ಬರೆದುಕೊಟ್ಟಿದಾರಂತೆ. ಇಲ್ಲದ್ದನ್ನ ಕಾಣೋದು, ಇಲ್ಲದ್ದನ್ನ ಹೇಳೋದು... ನಿಮಗೂ ಮಗಳಿದಾಳಂತಲ್ಲ? ಈಗ ಯಾವ ವರ್ಷ?’

‘ಎರಡನೇದು’ ಎಂದ. ಹೇಳಿಬಿಟ್ಟ. ‘ಸೈನ್ಸು.’ ಕೇಳದಿದ್ದದ್ದನ್ನೂ ಸೇರಿಸಿ ಹೇಳಿದ. ಅವರು ಒಳ್ಳೇದು ಒಳ್ಳೇದು ಎಂದು ತಲೆಯಾಡಿಸಿದರು. ಅವನಿಗೆ ಮನೆಗೆ ಓಡಿಹೋಗಿ ಮಗಳ ಕಾಲೇಜು ಚೀಲದಿಂದ ಸೈನ್ಸು ಎಂಬ ಆ ಪದವನ್ನು ಕಿತ್ತು ವಾಪಸು ತರಬೇಕು ಅನ್ನಿಸಿತು.

ಒಳಗೆ ಮೂವರಿದ್ದರು. ನಡುವೆ ಅಧ್ಯಕ್ಷೆ, ನಿವೃತ್ತ ಪ್ರಾಧ್ಯಾಪಕಿ, ಕಿವಿಯ ಯಂತ್ರವನ್ನು ಪದೇ ಪದೇ ಮುಟ್ಟಿಕೊಳ್ಳುತ್ತಿದ್ದರು. ಎಡಕ್ಕೆ ಉಪಕುಲಸಚಿವರು. ಬಲಕ್ಕೆ ಹುಡುಗಿಯ ಕಾಲೇಜಿನ ಪ್ರಾಂಶುಪಾಲರು, ಅವರ ಮುಂದೆ ಅವಳ ಅರ್ಜಿ ತೆರೆದಿತ್ತು. ಗೋಡೆಯ ಪಕ್ಕದ ಕುರ್ಚಿಗಳಲ್ಲಿ ಹುಡುಗಿ ಮತ್ತು ತಾಯಿ. ತಾಯಿ ಅವನನ್ನು ಕಂಡು ಎದ್ದು ನಿಂತು ಕೈಮುಗಿದಳು. ಇನ್ನೂ ಅವನನ್ನು ತಮ್ಮವನೆಂದೇ ಎಣಿಸಿದ್ದಳು. ಅರ್ಜಿಯಿಂದ ಆದದ್ದನ್ನು ಪ್ರಾಂಶುಪಾಲರೇ ಚುಟುಕಾಗಿ ಓದಿ ಹೇಳಿದರು. ವರ್ಗಾವಣೆ ಮಂಜೂರಾಗಿದೆ. ಸೇರಬೇಕಾದ ಹೊಸ ಕಾಲೇಜಿನವರು, ಇತರ ವಿದ್ಯಾರ್ಥಿನಿಯರ ಜೊತೆ ಕೂರಲು ಈಕೆ ಯೋಗ್ಯಳೆಂದು ಪ್ರಮಾಣಪತ್ರ ಕೇಳಿದ್ದಾರೆ. ಈ ನಡುವೆ ಈಕೆ ಮೇಷ್ಟ್ರ ಮೇಲೆ ದೂರು ಕೊಟ್ಟಿದ್ದಾಳೆ. ಆದರೆ ಮಾನಸಿಕ ಅಸ್ವಸ್ಥತೆಯಿದೆಯೆಂದು ಈಕೆಯೇ ಸ್ವಹಸ್ತದಿಂದ ಬರೆದಿರುವಾಗ ಆ ದೂರನ್ನು ಎಷ್ಟರಮಟ್ಟಿಗೆ ಗಂಭೀರವಾಗಿ ತೆಗೆದುಕೊಳ್ಳಬಹುದು? ಅವರು ಅರ್ಜಿಯನ್ನು ಅವನ ಕಡೆ ತಿರುಗಿಸಿದರು. ಅವನು ನೋಡಿದ. ನೀಲಿ ಶಾಯಿ, ಅಸ್ವಸ್ಥತೆ, ಒತ್ತಕ್ಷರದ ಬಾಲ ಬಸವನಹುಳುವಿನಂತೆ ಒಳಕ್ಕೆ ಸುತ್ತಿಕೊಂಡಿತ್ತು. ಆ ಹುಡುಗಿ ಎಷ್ಟು ವಿಧೇಯಳಾಗಿ ತಿದ್ದಿದ್ದಳೆಂದರೆ ಬಾಲದ ತುದಿಯಲ್ಲಿ ಅವನ ಕೈ ಸ್ವಲ್ಪ ನಡುಗಿದ್ದನ್ನೂ ಬಿಟ್ಟಿರಲಿಲ್ಲ.

‘ಇದು ಈಕೆ ನಿಮ್ಮೆದುರು ಬರೆದದ್ದಾ?’

‘ಹೌದು.’ ಬೆಳಿಗ್ಗೆ ಅಭ್ಯಾಸ ಮಾಡಿದ ಹಾಗೇ ಬಂತು. ಉಪಕುಲಸಚಿವರು ಪೆನ್ನಿನ ಮುಚ್ಚಳ ಹಾಕಿದರು. ಅವನು ಎದ್ದ.

‘ನಾನು ಮೊದಲು ನಿಜ ಬರೆದುಕೊಟ್ಟಿದ್ದೆ’ ಎಂದಳು ಹುಡುಗಿ. ಗಟ್ಟಿಯಾಗಿ ಅಲ್ಲ. ಅಧ್ಯಕ್ಷೆ ಕಿವಿ ಮುಟ್ಟಿಕೊಂಡು ಏನು ಎಂದರು. ಹುಡುಗಿ ಮತ್ತೆ ಹೇಳಬೇಕಾಯಿತು. ‘ಬೇರೆ ಫಾರಮ್ಮಲ್ಲಿ. ನಡೆದದ್ದನ್ನೇ ಬರೆದಿದ್ದೆ. ಈ ಸರ್ ಓದಿದ್ರು.’

‘ಎಲ್ಲಿದೆಯಮ್ಮ ಅದು?’ ಎಂದರು ಪ್ರಾಂಶುಪಾಲರು.

ಎಲ್ಲರೂ ಅವನನ್ನು ನೋಡಿದರು. ಗುಂಡಿ ಹಾಕಿದ ಜೇಬು ಉಸಿರಾಡುವಾಗ ಎದೆಗೆ ಒತ್ತುತ್ತಿತ್ತು. ತೆಗೆದು ಮೇಜಿನ ಮೇಲಿಡಬಹುದು. ಸೋಪು ಬೇಳೆ ಬೆಂಕಿಪೊಟ್ಟಣ ಕಾಣದ ಹಾಗೆ, ಬೆನ್ನು ಮೇಲಾಗಿ. ಆದರೆ ಅವರು ತಿರುಗಿಸಿ ನೋಡುತ್ತಾರೆ, ಎಲ್ಲರೂ ತಿರುಗಿಸಿ ನೋಡುತ್ತಾರೆ. ಹೆಂಡತಿಯ ಅಕ್ಷರ ಕಾಣುತ್ತದೆ. ಸಹಿ ಮಾಡಿದ ಅರ್ಜಿಯನ್ನು ಕತ್ತರಿಸಿದ್ದಕ್ಕೆ ಅಮಾನತು ಆಗಬಹುದು, ಆಗದೆಯೂ ಇರಬಹುದು, ಆ ಭಯವೂ ಇತ್ತು, ಇರಲಿಲ್ಲ ಎಂದು ಅವನು ಆಮೇಲೆ ತನಗೆ ಹೇಳಿಕೊಳ್ಳಲಾರ. ಆದರೆ ನಿಜವಾಗಿ ಅವನ ಕೈಯನ್ನು ಹಿಡಿದದ್ದು ಬೇಳೆಯ ಪಟ್ಟಿ. ಆ ಹುಡುಗಿಯ ಮಾತಿನ ಬೆನ್ನಿಗೆ ತನ್ನ ಮನೆಯ ಬೇಳೆ ಬರೆದಿರುವುದನ್ನು ಅವಳೆದುರು ಅವರೆಲ್ಲ ಓದುವುದು. ಅದೊಂದನ್ನು ತಪ್ಪಿಸಲು ಅವನು, ‘ಇಲ್ಲ ಮೇಡಂ, ನಮ್ಮ ವಿಭಾಗದಲ್ಲಿರೋದು ಇದೊಂದೇ ಅರ್ಜಿ’ ಎಂದ. ಇದಕ್ಕೆ ಅಭ್ಯಾಸವೇ ಬೇಕಾಗಲಿಲ್ಲ. ತಾಯಿ ಮುಗಿದ ಕೈಯನ್ನು ಇನ್ನೂ ಪೂರ್ತಿ ಇಳಿಸಿರಲಿಲ್ಲ. ಈಗ ಒಂದನ್ನು ಇನ್ನೊಂದರಿಂದ ಬಿಡಿಸಿ, ಎರಡನ್ನೂ ಮಡಿಲಲ್ಲಿ ಬೇರೆ ಬೇರೆ ಇಟ್ಟುಕೊಂಡಳು. ಹುಡುಗಿ ಅವನನ್ನು ನೋಡಿದಳು. ಬೈಯುವ ನೋಟವಾಗಿದ್ದರೆ ತಲೆ ತಗ್ಗಿಸಬಹುದಿತ್ತು. ಅದು ಲೆಕ್ಕ ತಪ್ಪಿದ ಕಡೆ ಯಾವುದೆಂದು ಗೊತ್ತಾದಾಗ ನೋಡುವ ನೋಟ.

ಸಂಜೆಯೊಳಗೆ ವರದಿ ಟೈಪಾಗುತ್ತದೆ ಎಂದರು. ಅವನು ಕೌಂಟರಿಗೆ ಬಂದು ಕೂತ. ಅಂದು ಅರ್ಜಿಗಳಿಗೆ ಕೊನೆಯ ದಿನ, ಐದು ಗಂಟೆಯ ತನಕ. ಸಾಲು ಬಾಗಿಲಾಚೆಯವರೆಗೆ ಇತ್ತು. ಪೆನ್ಸಿಲ್ ಸರ್, ಪೆನ್ಸಿಲ್ ಸರ್ ಎಂದು ಕಿಂಡಿಯಲ್ಲಿ ಒಂದರ ಮೇಲೊಂದು ಮುಖ. ಒಬ್ಬನ ತಂದೆಗೆ ವರ್ಗವಾಗಿತ್ತು, ನಿಜವಾಗಿಯೂ ಆಗಿತ್ತು. ಆ ಹುಡುಗನ ಅರ್ಜಿಯಲ್ಲಿ ಬರೆಯಲು ಎತ್ತಿಕೊಂಡ ಪೆನ್ಸಿಲನ್ನು ಮತ್ತೆ ಕೆಳಗಿಟ್ಟ. ‘ನೀನೇ ಬರಕೋಪ್ಪ’ ಎಂದ. ‘ತಪ್ಪಾಗುತ್ತೆ ಸರ್.’ ‘ಆಗಲಿ.’ ಹುಡುಗ ಕಕ್ಕಾಬಿಕ್ಕಿಯಾದ. ಟೈಪಿಸ್ಟಮ್ಮ ಬೆರಳು ನಿಲ್ಲಿಸಿ ಇತ್ತ ನೋಡಿದಳು. ವರದಿ ಅವಳ ಯಂತ್ರದಲ್ಲಿಯೇ ಇತ್ತು.

‘ಎಲ್ಲೀವರೆಗೆ ಬಂತು?’ ಎಂದು ಕೇಳಿದ.

‘“ಸಾಕ್ಷಿಯು ನಿರಾಕರಿಸಿರುತ್ತಾರೆ” ಅನ್ನೋವರೆಗೆ’ ಎಂದಳು. ‘ಸಾಕ್ಷಿ ಅಂದ್ರೆ ನೀವು. ಓದಿ ಹೇಳಲಾ, ಇಲ್ಲ ಕಾಗದ ಬೋರಲು ಹಾಕಲಾ?’

ನಾಲ್ಕೂವರೆಗೆ ಹುಡುಗಿ ಕಿಂಡಿಗೆ ಬಂದಳು. ತಾಯಿ ಹಿಂದೆ ಗೋಡೆಗೆ ಒರಗಿ ನಿಂತಿದ್ದಳು, ಈ ಕಡೆ ನೋಡದೆ. ಹುಡುಗಿ ಸಾಲಿನಲ್ಲಿಯೇ ಬಂದಿರಬೇಕು. ಅವನು ಅವಳನ್ನು ದೂರದಿಂದ ಕಾಣದಿದ್ದದ್ದು ಕಿಂಡಿಯ ಗಾತ್ರದಿಂದ. ಅಥವಾ ಮುಖ ನೋಡದೆ ಕಾಗದ ಮಾತ್ರ ತೆಗೆದುಕೊಳ್ಳುತ್ತಿದ್ದುದರಿಂದ. ಎರಡು ಕಾಗದ ಒಳಗೆ ತಳ್ಳಿದಳು. ಒಂದು, ಅನಾರೋಗ್ಯದ ಕಾರಣಕ್ಕೆ ಮಂಜೂರಾದ ವರ್ಗಾವಣೆಯನ್ನು ಹಿಂದಕ್ಕೆ ಪಡೆಯುವ ಪತ್ರ. ಇನ್ನೊಂದು, ಹೊಸ ಅರ್ಜಿ, ಆರು ಪುಟ, ಶಾಯಿಯಲ್ಲಿ. ಹನ್ನೊಂದನೇ ಕಾಲಮಿನಲ್ಲಿ ಎರಡು ಗೆರೆಯ ಜಾಗಕ್ಕೆ ನಾಲ್ಕು ಸಾಲು.

‘ಅದನ್ನ ವಾಪಸ್ ತಗೊಂಡ್ರೆ ಕೈಲಿರೋದೂ ಹೋಗುತ್ತೆ’ ಎಂದ. ‘ಇದು ನಾಲ್ಕರಲ್ಲಿ ಬರಲ್ಲ. ತಿರಸ್ಕಾರ ಆಗುತ್ತೆ. ಮತ್ತೆ ಅದೇ ಕಾಲೇಜು, ಅದೇ ಪ್ರಯೋಗಾಲಯ... ಯೋಗ್ಯತಾ ಪತ್ರಕ್ಕೆ ನಾನೇ ಯಾರನ್ನಾದ್ರೂ ಕೇಳ್ತೀನಿ. ಅವರು ಬರೆದುಕೊಡ್ತಾರೆ.’

‘ನನಗೆ ಹುಚ್ಚಿಲ್ಲ ಅಂತ?’

ಅವನು ಆ ಎರಡು ಕಾಗದಗಳ ಅಂಚನ್ನು ಸರಿಮಾಡಿದ.

‘ನಿನ್ನೆ ಹೊಸ ಕಾಲೇಜಿಗೆ ಕಾಗದ ಕೊಡೋಕೆ ಹೋದಾಗ ಒಂದು ಹುಡುಗಿ ಕೇಳಿದ್ಳು ಸರ್, ನೀನು ಕಚ್ತೀಯಾ ಅಂತ. ತಮಾಷೆಗೆ. ಎಲ್ಲರೂ ನಕ್ಕರು, ನಾನೂ ನಕ್ಕೆ.’ ಅವಳು ಕೌಂಟರಿನ ಅಂಚಿಗೆ ಮೊಣಕೈಯೂರಿದಳು. ‘ತಿರಸ್ಕಾರ ಮಾಡಿ. ಇದನ್ನ ಓದಿ, ಇದಕ್ಕೇ ತಿರಸ್ಕಾರ ಅಂತ ಬರೆದು ಮಾಡಿ. ಆ ಕಾಗದ ಹಿಡ್ಕೊಂಡು ಎಲ್ಲಿಗೆ ಹೋಗಬೇಕು ಅಂತ ನಂಗೊತ್ತು. ಈಗ ಸ್ವೀಕೃತಿ ಕೊಡಿ.’

ಹಿಂದಿನಿಂದ ಯಾರೋ, ಬೇಗ ಆಗಲಿ ತಾಯಿ, ಐದಾಗುತ್ತೆ ಎಂದರು. ಅವನು ಸ್ವೀಕೃತಿ ಪುಸ್ತಕ ಎಳೆದುಕೊಂಡ. ಸಂಖ್ಯೆ ಬರೆದ. ದಿನಾಂಕ ಬರೆದ. ಕಾರಣ ಎಂದಿದ್ದ ಕಡೆ ಪೆನ್ನು ನಿಂತಿತು. ಅನಾರೋಗ್ಯ ಎಂದು ಬರೆಯುವುದಕ್ಕೆ ಬೆರಳು ತಾನಾಗಿ ಬಾಗಿದ್ದನ್ನು ಅವನು ನೋಡಿದ, ಬೇರೆ ಯಾರದೋ ಬೆರಳನ್ನು ನೋಡುವ ಹಾಗೆ. ಇದನ್ನು ಸ್ವಹಸ್ತದಲ್ಲಿ ಬರೆಯಬೇಕು. ಬರೆದು ಸಹಿ ಹಾಕಿದರೆ ಬೆಳಿಗ್ಗೆ ಹನ್ನೊಂದಕ್ಕೆ ಹೇಳಿದ್ದಕ್ಕೂ ಸಂಜೆ ಬರೆದದ್ದಕ್ಕೂ ನಡುವೆ ಅವನೊಬ್ಬನೇ ನಿಂತಿರುತ್ತಾನೆ. ಮೊದಲ ಪದವೇ ಬರಲಿಲ್ಲ. ಮೇಷ್ಟ್ರು ಎಂದು ಶುರುಮಾಡುವುದೋ, ಬಾಗಿಲು ಎಂದೋ. ಹತ್ತೊಂಬತ್ತು ವರ್ಷ ಎಲ್ಲರಿಗೂ ಏನು ಬರೆಯಬೇಕೆಂದು ಹೇಳಿಕೊಟ್ಟವನು ತಲೆಯೆತ್ತಿ, ‘ಏನಂತ ಬರೀಲಿ?’ ಎಂದು ಕೇಳಿದ.

ಹುಡುಗಿ ಕಿಂಡಿಯೊಳಗೆ ಕೈ ಚಾಚಿದಳು.

‘ಪೆನ್ಸಿಲ್ ಕೊಡಿ ಸರ್. ನಾನು ಬರೆದುಕೊಡ್ತೀನಿ. ನೀವು ಮೇಲೆ ತಿದ್ದಿ.’

ಟೈಪ್ ಯಂತ್ರ ನಿಂತಿತ್ತು. ಅವನು ಪೆನ್ಸಿಲ್ ಕೊಟ್ಟ. ಅವಳು ಪುಸ್ತಕವನ್ನು ತನ್ನ ಕಡೆ ತಿರುಗಿಸಿಕೊಂಡು, ಜಾಗ ಸಾಲದೆ ಅಂಚಿಗೂ ಹತ್ತಿಸಿ, ಒತ್ತೊತ್ತಿ ಬರೆದು ಮರಳಿ ತಿರುಗಿಸಿದಳು. ಪ್ರಯೋಗಾಲಯದ ಮೇಷ್ಟ್ರು ಬಾಗಿಲು ಹಾಕಿಕೊಂಡು ಅರ್ಜಿದಾರಳ ಮೈಮೇಲೆ ಕೈ ಹಾಕಿದ್ದು. ಇದನ್ನು ಐದು ವಾರದ ಹಿಂದೆಯೂ ಬರೆದುಕೊಟ್ಟಿದ್ದಳು. ನಾನು ಓದಿದ್ದೆ.

ಕೊನೆಯ ಎರಡು ಪದವನ್ನು ಅವನು ಬಹಳ ಹೊತ್ತು ನೋಡಿದ. ಜೇಬಿನ ಗುಂಡಿ ಬಿಚ್ಚಿ ಚೀಟಿ ತೆಗೆದು ಸಾಮಾನಿನ ಪಟ್ಟಿ ಮೇಲಾಗಿ ಕೌಂಟರಿನ ಮೇಲಿಟ್ಟ. ಅವಳು ಸೋಪು ಬೇಳೆ ಓದಿದಳು. ತಿರುಗಿಸಿದಳು. ಆ ತುಂಡನ್ನು ತನ್ನ ಕಾಗದಗಳ ನಡುವೆ ಸೇರಿಸಿಕೊಂಡಳು, ಕಳೆದುಹೋದ ತನ್ನ ವಸ್ತುವೊಂದನ್ನು ಯಾರೋ ಕೊಳಕು ಮಾಡಿ ಹಿಂದಿರುಗಿಸಿದಾಗ ತೆಗೆದುಕೊಳ್ಳುವ ಹಾಗೆ. ಅವನು ಪೆನ್ನು ಹಿಡಿದು ಮೊದಲ ಅಕ್ಷರದ ಮೇಲೆ ಇಟ್ಟ. ಅವಳ ಅಕ್ಷರ ಅವನಿಗೆ ಪರಿಚಯವಿರಲಿಲ್ಲ. ಒತ್ತಕ್ಷರದ ಬಾಲ ಒಳಕ್ಕೆ ಸುತ್ತದೆ ನೇರ ಕೆಳಕ್ಕಿಳಿಯುತ್ತಿತ್ತು, ಪ್ರತಿ ಸಲವೂ ಅವನ ಕೈ ಒಳಕ್ಕೆ ಎಳೆಯುತ್ತಿತ್ತು, ಪ್ರತಿ ಸಲವೂ ಶಾಯಿ ಪೆನ್ಸಿಲಿನಿಂದ ಹೊರಗೆ ಜಾರುತ್ತಿತ್ತು. ಸ್ಲೇಟಿನ ಮುಂದೆ ಕೂತ ಮಗುವಿನ ಹಾಗೆ ನಾಲಿಗೆ ಹಲ್ಲಿನ ನಡುವೆ ಬಂದಿತ್ತು. ಸಾಲಿನಲ್ಲಿದ್ದವರು ಕತ್ತು ಚಾಚಿ ನೋಡುತ್ತಿದ್ದರು. ಕಿವಿಯಿಂದ ಕತ್ತಿನವರೆಗೆ ಸುಡುತ್ತಿತ್ತು, ಆದರೂ ಅವನು ಕಾಗದವನ್ನು ಬೋರಲು ಹಾಕಲಿಲ್ಲ. ನಾನು ಎಂದು ತಿದ್ದಿದ. ಓದಿದ್ದೆ ಎಂದು ತಿದ್ದಿದ. ಸಹಿ ಹಾಕಿದ. ಶಾಯಿ ಒಣಗಲೆಂದು ಒಂದು ಗಳಿಗೆ ಬಿಟ್ಟ. ಎಡಗೈ ಅಭ್ಯಾಸಬಲದಿಂದ ರಬ್ಬರಿನ ಕಡೆ ಹೋಯಿತು.

‘ಅಳಿಸಬೇಡಿ’ ಎಂದಳು ಹುಡುಗಿ. ‘ಎರಡೂ ಕಾಣಲಿ.’